ಎರೆಯ ಸೀಮೆಯಲ್ಲಿ ಬಿಲ್ಲಿನ ಮರ

ನನ್ನಪ್ಪ ಬಿಲ್ಲು ಮಾಡುತ್ತಿದ್ದ. ಆನೆಗೊಂದಿಯ ಕಡೆ ಬಾಳೆಗೂ ಭತ್ತಕ್ಕೂ ಹಂದಿಗಳ ಕಾಟ. ಬಂದೂಕು ಗೌಡರ ಮನೆಯ ಗೋಡೆಯ ಸೊತ್ತು, ಹೊಲ ಕಾಯುವವರಿಗೆ ಬಿಲ್ಲೇ ಗತಿ. ಮಾಡುವುದಕ್ಕಿಂತ ಮರ ಆರಿಸುವುದರಲ್ಲೇ ಅಪ್ಪನ ಹೆಚ್ಚು ದಿನಗಳು ಕಳೆಯುತ್ತಿದ್ದವು. ಬಂಡೆಯ ಸೀಳಿನಲ್ಲಿ ಹುಟ್ಟಿ, ನೀರಿಗೆ ಒದ್ದಾಡಿ ಬೆಳೆದ ತಡಸಲು ಮರವೇ ಆಗಬೇಕು. ಹೊಳೆದಂಡೆಯಲ್ಲಿ ನುಣ್ಣಗೆ, ನೆಟ್ಟಗೆ ಬೆಳೆದ ಅದೇ ಜಾತಿಯ ಮರವನ್ನು ಅವನು ಮುಟ್ಟುತ್ತಿರಲಿಲ್ಲ. “ಅದು ಉಂಡಾಡಿ ಮರ, ದುಡಿಯಂಗಿಲ್ಲ” ಎನ್ನುತ್ತಿದ್ದ. ಟೊಂಗೆಯನ್ನು ಕಡಿಯುವ ಮುಂಚೆ ನೆಲದತನಕ ಬಗ್ಗಿಸಿ, ಬಾಯೊಳಗಿನ ಎಲೆ ಅಡಿಕೆ ಅಗಿದು ಮುಗಿಯುವವರೆಗೆ ಹಿಡಿದಿದ್ದು, ಬಿಡುತ್ತಿದ್ದ. ಮೊದಲಿನ ಜಾಗಕ್ಕೆ ಹೋಗಿ ನಿಂತರೆ ಸರಿ. ಒಂದು ಬೆರಳು ಕೆಳಗೆ ನಿಂತರೂ ಮರಕ್ಕೆ ಕೈಮುಗಿದು ಮುಂದೆ ನಡೆದುಬಿಡುತ್ತಿದ್ದ. ಗಿರಾಕಿ ತಾನೇ ಕಟ್ಟಿಗೆ ತಂದರೂ ದಾಕ್ಷಿಣ್ಯವಿಲ್ಲ, “ಇದು ಮುರೀತೈತ್ರಿ, ಒಲಿಗೆ ಹಾಕ್ರಿ” ಎಂದು ಮುಖದ ಮೇಲೇ ಹೇಳುತ್ತಿದ್ದ.

ನನ್ನನ್ನು ಕೊಟ್ಟದ್ದು ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಗೆ. ಎರಡು ದಿನದ ಬಂಡಿ ದಾರಿ. ಎರೆಯ ಕರಿ ಮಣ್ಣು, ಜೋಳ, ಹತ್ತಿ, ಅದರ ಮೇಲೆ ಬರೀ ಆಕಾಶ. ಗುಂಡುಗಲ್ಲಿನ ಗುಡ್ಡಗಳ ನಡುವೆ ಬೆಳೆದವಳಿಗೆ ಕಣ್ಣು ಒರಗಿಸಲು ಒಂದು ದಿಬ್ಬವೂ ಇರಲಿಲ್ಲ. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಹೊತ್ತು ಮುಳುಗುವ ಮುಂಚೆಯೇ ಉಂಡು ಮಲಗುತ್ತಿದ್ದೆವು. ಗಂಡ ಒಳ್ಳೆಯವನೇ, ಮಾತು ಕಡಿಮೆ. ಅವನಾಡಬೇಕಾದ್ದನ್ನೂ ಸೇರಿಸಿ ಅತ್ತೆಯೇ ಆಡುತ್ತಿದ್ದಳು. ಯಾರೂ ನನ್ನನ್ನು ಗೋಳು ಹೊಯ್ದುಕೊಳ್ಳಲಿಲ್ಲ. ಆದರೂ ನನಗೆ ತವರಿಗೆ ಹೋಗಬೇಕಿತ್ತು, ಅಷ್ಟೇ. ಅಪ್ಪ ಬಂದು ಒಂದು ಮಾತು ಕೇಳಿದರೆ ಸಾಕು, ಅತ್ತು, ಅವನ ಬೆನ್ನು ಹತ್ತಿ ಹೊರಟುಬಿಡುವುದೆಂದು ನಿಶ್ಚಯಿಸಿದ್ದೆ.

ಅಪ್ಪ ಬಂದ. ಅಂಗಳದಲ್ಲಿ ಕಾಲು ತೊಳೆದು, ಅತ್ತೆಗೆ, “ಮರ ನೋಡಾಕ ಬಂದೀನ್ರಿ ಅಕ್ಕಾರ” ಎಂದ. ಮಗಳನ್ನಲ್ಲ, ಮರವನ್ನು!

ಆಮೇಲೆಯೂ ಬಂದ. ಮೂರು ಸಲವೋ ನಾಲ್ಕೋ, ನೆನಪಿನಲ್ಲಿ ಎಲ್ಲ ಸೇರಿ ಒಂದೇ ಉದ್ದನೆಯ ಮಧ್ಯಾಹ್ನವಾಗಿಬಿಟ್ಟಿವೆ. ಬದುವಿನ ಮೇಲೆ ಅವನು ಮುಂದೆ, ನೀರಿನ ತಂಬಿಗೆ ಹಿಡಿದು ನಾನು ಹಿಂದೆ. ಬಿಸಿಲಿಗೆ ದೂರದ ಜೋಳದ ಹೊಲ ನೀರಿನಂತೆ ಅಲುಗುತ್ತಿತ್ತು. ನಾವು ನಡೆಯುತ್ತಿದ್ದೆವೋ, ಹೊಲವೇ ನಮ್ಮ ಪಕ್ಕದಿಂದ ತೇಲಿಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಅಪ್ಪ ಸಿಕ್ಕ ಟೊಂಗೆಯನ್ನೆಲ್ಲ ಬಗ್ಗಿಸುತ್ತಿದ್ದ. “ಜಾಲಿ ಭಾಳ ಮೊಂಡ. ಬೇವು ನಕ್ಕೋತ ನಕ್ಕೋತ ಮುರೀತೈತಿ.” ಬಗ್ಗಿಸಿ ಹಿಡಿದಾಗ ಕೇಳುತ್ತಿದ್ದ, “ಈ ಬಾವಿ ನೀರು ಸಿಹಿ ಅದಾವೇನು? ದಿನಕ್ಕ ಎಷ್ಟು ಕೊಡ ಹೊರಬೇಕು?”

“ಮರಕ್ಕ ಯಾರೂ ನೀರು ಹೊರಂಗಿಲ್ಲ” ಎನ್ನುತ್ತಿದ್ದೆ ನಾನು.

“ಮಧ್ಯಾಹ್ನ ಒಂದೀಟು ನೆರಳಾಗ ಕುಂದ್ರಾಕ ಬಿಡ್ತಾರೇನು?”

“ಯಾರಿಗೆ? ಎತ್ತಿಗೇನು?”

ಅವನು ಎಲೆ ಅಡಿಕೆ ಅಗಿಯುತ್ತ ಮುಂದಿನ ಟೊಂಗೆಗೆ ಕೈ ಹಾಕುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಹಾಗೆಯೇ. ಕೊನೆಯ ಸಲ ಬಾವಿಯ ಹತ್ತಿರದ ಬೇವಿನ ಟೊಂಗೆ ಹಿಡಿದು ನಿಂತವನಿಗೆ ಅಂದುಬಿಟ್ಟೆ, “ನೀ ಮರ ನೋಡಾಕ ಬರೂದು. ಮುಂದಿನ ಸಲ ಮರದ ಮನ್ಯಾಗ ಇಳಕೋ, ನಮ್ಮ ಮನಿಗೆ ಬರಬ್ಯಾಡ.”

ಅಪ್ಪ ಟೊಂಗೆಯನ್ನು ಮೆಲ್ಲಗೆ ಬಿಟ್ಟ. ಊಟ ಮುಗಿಸಿ ಸಂಜೆಯ ಬಂಡಿಗೆ ಹೊರಟುಹೋದ. ಅದಾದ ಮೇಲೆ ಒಂದು ಸುಗ್ಗಿ ಕಳೆಯಿತು, ಅವನು ಬರಲಿಲ್ಲ.

ಹತ್ತಿ ಬಿಡಿಸುತ್ತ ಕುಳಿತಾಗ ಅತ್ತೆ ಕೇಳಿದಳು, “ಬೀಗರು ಯಾಕ ಈ ಕಡಿ ಬಂದೇ ಇಲ್ಲ?”

“ಕಟ್ಟಿಗಿ ಸಿಗಲಿಲ್ಲ, ಯಾಕ ಬರ್ತಾನ?” ಎಂದೆ.

ಅತ್ತೆ ನಕ್ಕಳು. “ಹುಚ್ಚಿ, ಈ ಎರಿಯಾಗ ಬಿಲ್ಲಿನ ಮರ ಇಲ್ಲಂತ ಮದಲ್ನೇ ದಿನನ ಹೇಳೀನಿ ಅವರಿಗೆ. ‘ಗೊತ್ತೈತ್ರಿ ಅಕ್ಕಾರ’ ಅಂದ್ರು. ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರ ಮಂದಿ. ಸುಮ್ಮಸುಮ್ಮನ ಮಗಳ ಮನಿಗೆ ಹೆಂಗ ಬರ್ತಾರವಾ?”

ನನ್ನ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು. ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತೀ, ಒಂದು ಗಳಿಗೆ ಕೂರಲು ಬಿಡುತ್ತಾರೋ ಇಲ್ಲವೋ ಎಂದು ಅವನು ನನ್ನನ್ನೇ ಕೇಳುತ್ತಿದ್ದ. ನಾನು ಮರದ ಪರವಾಗಿ ಉತ್ತರ ಕೊಡುತ್ತ ಬಂದಿದ್ದೆ. ಅಷ್ಟು ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಬೇವಿನ ಟೊಂಗೆಯೊಂದನ್ನು ಕುಡುಗೋಲಿನಿಂದ ಕಡಿದು ತಂದು ಗಂಡನಿಗೆ, “ಅಪ್ಪಗ ಕಟ್ಟಿಗಿ ಕೊಟ್ಟು ಬರೂದೈತಿ” ಎಂದೆ. ಅವನು ಏನೂ ಕೇಳದೆ ಎತ್ತು ಹೂಡಿದ. ಎರಡು ದಿನ ಟೊಂಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದೆ. ದಾರಿಯುದ್ದಕ್ಕೂ ಎಲೆ ಉದುರಿದವು. ಗಾಲಿಯ ಸದ್ದಿಗೆ ತೂಕಡಿಸಿ ಎಚ್ಚರವಾದಾಗಲೆಲ್ಲ ಎರೆ ಸ್ವಲ್ಪ ಕೆಂಪಾಗಿರುತ್ತಿತ್ತು. ಆಮೇಲೆ ಒಂದು ಕಲ್ಲು, ಇನ್ನೊಂದು ಕಲ್ಲು, ಕಲ್ಲಿನ ಮೇಲೆ ಕಲ್ಲು. ಊರು ಬಂತು.

ಅಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಅವನ ಬೆನ್ನಿಗೇ ಗುಡ್ಡ, ಗುಡ್ಡದ ತುಂಬ ತಡಸಲು. ತಪ್ಪಾಯಿತು ಎಂದು ಹೇಳಲು ದಾರಿಯುದ್ದ ಕೂಡಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ. “ಬಿಲ್ಲಿಗೆ ಕಟ್ಟಿಗಿ ತಂದೀನಿ” ಎಂದು ಟೊಂಗೆಯನ್ನು ಅವನ ಮುಂದಿಟ್ಟೆ.

ಅವನು ಅದನ್ನು ಎತ್ತಿಕೊಂಡು ಗಂಟು ಗಂಟಿನ ಮೇಲೂ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ.

“ಛಲೋ ಐತಿ” ಎಂದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, “ಆದ್ರ ಹಸಿ ಐತಿ, ಒಣಗಾಕ ಭಾಳ ದಿನ ಬೇಕ್ರಿ ಅಳಿಯಂದ್ರ. ಅಲ್ಲೀತನಾ ಇಕಿ ಇಲ್ಲೇ ಇರಲಿ” ಎಂದ.

ಗಂಡ ಬೇವಿನ ಟೊಂಗೆಯನ್ನು ನೋಡಿದ, ನನ್ನನ್ನು ನೋಡಿದ.

“ಒಣಗಲಿ ಬಿಡ್ರಿ ಮಾವಾರ, ಅವಸರ ಏನಿಲ್ಲ” ಎಂದು, ಮರುದಿನ ಬೆಳಿಗ್ಗೆ ಒಬ್ಬನೇ ಬಂಡಿ ಹೂಡಿಕೊಂಡು ಹೋದ.