ಬೂದಿಗೆ ಕೊಡದ ಗರಿ

ಕಾನ್ವೆಂಟಿನಲ್ಲಿ ನಮಗೆ ಚರ್ಚಿನ ವರ್ಷವನ್ನು ಬಣ್ಣಗಳಲ್ಲಿ ಕಲಿಸಿದ್ದರು. ಕ್ಲಾಸಿನ ಗೋಡೆಯ ಮೇಲೆ ಒಂದು ದುಂಡನೆಯ ಚಾರ್ಟ್. ಆಗಮನ ಕಾಲಕ್ಕೆ ನೇರಳೆ, ಕ್ರಿಸ್ಮಸ್ಸಿಗೆ ಬಿಳಿ, ತಪಸ್ಸಿನ ಕಾಲಕ್ಕೆ ಮತ್ತೆ ನೇರಳೆ, ಈಸ್ಟರಿಗೆ ಮತ್ತೆ ಬಿಳಿ. ಉಳಿದದ್ದೆಲ್ಲ ಹಸಿರು. ಆ ಹಸಿರಿನ ಮೇಲೆ ಆರ್ಡಿನರಿ ಟೈಮ್ ಎಂದು ಬರೆದಿತ್ತು. ವರ್ಷದ ಅರ್ಧಕ್ಕಿಂತ ಹೆಚ್ಚು ಪಾಲು ಬರೀ ಆರ್ಡಿನರಿಯಾದರೆ ಹೇಗೆ ಎಂದು ಆಗ ಬೇಸರವಾಗುತ್ತಿತ್ತು. ಈಗ ತೆಲುಗು ಸೀಮೆಯ ಸನತ್‌ನಗರದ ಈ ಮನೆಯ ಕಿಟಕಿಯಲ್ಲಿ ಕೂತು ಬೈಬಲ್ ತೆರೆದರೆ ಆ ಹಸಿರಿನ ಓದುಗಳೇ ನನಗೆ ಹತ್ತಿರ. ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿಕೊಂಡು ಮನೆಯೆಲ್ಲ ಗುಡಿಸುವ ಹೆಂಗಸು. ಮಧ್ಯಾಹ್ನದ ಮಂಪರಿನಲ್ಲಿ ಅವಳು ನಮ್ಮ ಓಣಿಯಲ್ಲೇ ಎಲ್ಲೋ ಗುಡಿಸುತ್ತಿದ್ದಾಳೆ ಅನ್ನಿಸುತ್ತದೆ. ಪೊರಕೆಯ ಸದ್ದು ಕೇಳಿಸುತ್ತದೆ ಕೂಡ.

ನಮ್ಮವರು ತೀರಿಕೊಂಡದ್ದು ಹಸಿರು ಕಾಲದಲ್ಲೇ, ಮಳೆ ಹಿಡಿದಿದ್ದ ಒಂದು ವಾರ. ಅದೇ ವರ್ಷ, ಈಸ್ಟರಿನ ಹಿಂದಿನ ವಾರ, ಪ್ರಭುವಿಗೆ ಜೈಕಾರ ಹಾಕುತ್ತ ಗರಿ ಹಿಡಿದು ಸಾಗುವ ಗರಿಗಳ ಭಾನುವಾರ ಇಬ್ಬರೂ ಜೊತೆಯಾಗಿ ಕನ್ನಡ ಪೂಜೆಗೆ ಹೋಗಿದ್ದೆವು. ಫಾದರರ ಉಪದೇಶ ಉದ್ದವಾದಾಗ ನಮ್ಮವರು ಕೈಯಲ್ಲಿದ್ದ ಈಚಲ ಗರಿಯನ್ನು ಶಿಲುಬೆಯಾಗಿ ಮಡಿಚತೊಡಗಿದರು. ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ನಡೆಸಿದ ಕೈ ಅದು, ಕಬ್ಬಿಣ ಅವರ ಮಾತು ಕೇಳುತ್ತಿತ್ತು. ಗರಿ ಕೇಳಲಿಲ್ಲ. ಒಂದು ತೋಳು ಗಿಡ್ಡವಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವರ ತಂಗಿ, ನನ್ನ ನಾದಿನಿ, ಬಗ್ಗಿ ನೋಡಿ ಇದು ಶಿಲುಬೆಯೋ ನಟ್ಟು ಬಿಚ್ಚುವ ಪಾನಾವೋ ಎಂದು ಪಿಸುಗುಟ್ಟಿದಳು. ಅವರಿಗೆ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದರು. ಮನೆಗೆ ಬಂದು ಅದನ್ನು ಪ್ರಭುವಿನ ಪವಿತ್ರ ಹೃದಯದ ಪಟದ ಹಿಂದೆ ಸಿಕ್ಕಿಸಿದರು. ಪಕ್ಕದಲ್ಲಿ ನನ್ನದು.

ಗರಿ ವರ್ಷವಿಡೀ ಮನೆಯಲ್ಲಿದ್ದು ಒಣಗುತ್ತದೆ. ಮರುವರ್ಷ ತಪಸ್ಸಿನ ಕಾಲ ಶುರುವಾಗುವ ಮೊದಲು ಅದನ್ನು ಚರ್ಚಿಗೆ ಹಿಂದಿರುಗಿಸಬೇಕು. ಎಲ್ಲರ ಗರಿಗಳನ್ನೂ ಕೂಡಿಸಿ ಸುಟ್ಟು, ಆ ಬೂದಿಯನ್ನೇ ವಿಭೂತಿ ಬುಧವಾರ, ನೀನು ಮಣ್ಣು, ಮಣ್ಣಿಗೇ ಮರಳುವೆ ಎನ್ನುತ್ತ ಹಣೆಗೆ ಇಡುವುದು. ಜೈಕಾರ ಹಾಕಿದ ಕೈಯೊಳಗಿನದ್ದೇ ಮಣ್ಣಿನ ನೆನಪಾಗಿ ತಿರುಗಿ ಬರುವುದು. ಚಾರ್ಟಿನ ಆ ದುಂಡು ಎಲ್ಲಿ ಸೇರುತ್ತದೆ ಎಂದು ಯಾವ ಸಿಸ್ಟರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅವರು ಹೋದ ಮರುವರ್ಷ ಚರ್ಚಿನ ಬಾಗಿಲಲ್ಲಿಟ್ಟ ಬುಟ್ಟಿಗೆ ನಾನು ನನ್ನ ಗರಿಯೊಂದನ್ನೇ ಹಾಕಿದೆ. ರೊಟ್ಟಿ ಮೀನಿನ ಪವಾಡದ ಕೊನೆಯಲ್ಲಿ, ಉಳಿದ ತುಂಡುಗಳನ್ನು ಕೂಡಿಸಿ, ಒಂದೂ ಹಾಳಾಗದಿರಲಿ ಎಂದು ಪ್ರಭು ಹೇಳುತ್ತಾನಲ್ಲ, ಅದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡಿದ್ದೆ. ನನ್ನ ಪಾಲಿಗೆ ಉಳಿದ ತುಂಡು ಇದು. ಸ್ಕ್ರಿಪ್ಚರ್ ನನ್ನ ಕಡೆಗಿದೆ ಎಂದುಕೊಂಡೆ.

ಮಂಗಳವಾರ ನಾದಿನಿ ಬಂದಳು. ಗರಿ ಸುಡುವ ಹೆಂಗಸರ ಗುಂಪಿನಲ್ಲಿ ಅವಳೂ ಒಬ್ಬಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು:

“ವೈನಿ, ಅಣ್ಣನ ಗರಿ ಬುಟ್ಟ್ಯಾಗ ಇಲ್ಲಲ್ರಿ.”

ಸರಿಯಾಗಿ ನೋಡು, ಇರಬೇಕು ಎಂದೆ.

“ಬುಟ್ಟಿ ಸುರುವಿ ನೋಡೀನ್ರಿ. ಗಿಡ್ಡ ತೋಳಿನ ಪಾನಾ ಚರ್ಚಿಗೆಲ್ಲ ಒಂದಾ ಐತಿ. ಅದ ಸಿಗವಲ್ದು.”

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ನನ್ನ ಕಣ್ಣು ಪಟದ ಕಡೆ ಹೋಯಿತು, ಅವಳದೂ ಹೋಯಿತು. ಗರಿಯ ತುದಿ ಚೌಕಟ್ಟಿನ ಮೇಲೆ ಇಣುಕುತ್ತಿತ್ತು. ಇದೊಂದು ಇರಲಿ ಬಿಡು, ಪ್ಲೀಸ್, ಎಂದೆ. ರೊಟ್ಟಿ ತುಂಡಿನ ಮಾತನ್ನೂ ಹೇಳಿದೆ.

ಅವಳು ವಾದ ಮಾಡಲಿಲ್ಲ. ನಾನು ಕೊಟ್ಟ ಚಹಾ ಕುಡಿದಳು, ಕಪ್ಪನ್ನು ತಾನೇ ತೊಳೆದಿಟ್ಟಳು. ಬಾಗಿಲ ಹತ್ತಿರ ಹೋಗಿ ನಿಂತಳು.

“ನಿಮಗರ ಅಣ್ಣನ ಅಂಗಿ ಅವ, ಚಷ್ಮಾ ಐತಿ, ಈ ಮನಿ ಐತಿ. ನನ್ನ ಹಂತ್ಯಾಕ ಏನೈತ್ರಿ, ವೈನಿ? ಆ ಬೂದಿ ನನ್ನ ಹಣಿಗೆ ಹತ್ತಲಿ ಅಂತ ಮಳಿಗಾಲದಿಂದ ಕಾಯಾಕತ್ತೀನಿ.”

ಅಷ್ಟೂ ತಿಂಗಳು ಅವರನ್ನು ಕಳೆದುಕೊಂಡವಳು ನಾನೊಬ್ಬಳೇ ಎಂಬಂತೆ ಈ ಕಿಟಕಿಯಲ್ಲಿ ಕೂತಿದ್ದೆ. ಸ್ಟೂಲ್ ಎಳೆದು ಪಟದ ಹಿಂದೆ ಕೈ ಹಾಕಿದೆ. ಗರಿ ಹಕ್ಕಿಯ ಮೂಳೆಯಷ್ಟು ಹಗುರವಾಗಿತ್ತು. ಅವಳು ಎರಡೂ ಅಂಗೈ ಚಾಚಿ ಪ್ರಸಾದದ ಹಾಗೆ ತೆಗೆದುಕೊಂಡಳು.

ಜೊತೆಗೆ ನಾನೂ ಹೋದೆ. ಚರ್ಚಿನ ಹಿಂದೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಗರಿಗಳು ಚಟಪಟ ಉರಿದವು. ಅವರದನ್ನು ಅವಳು ಕೊನೆಗೆ ಹಾಕಿದಳು. ಗಿಡ್ಡ ತೋಳು ಮೊದಲು ಹತ್ತಿಕೊಂಡಿತು, ಆಮೇಲೆ ಯಾವುದು ಯಾರದೆಂದು ಗೊತ್ತಾಗಲಿಲ್ಲ. ಆರಿದ ಬೂದಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆವು. ಕಾಡಿಗೆಯಂತೆ ನುಣ್ಣಗಿತ್ತು.

ಬುಧವಾರ ಸಂಜೆ ಉಪ್ಪಲ್ ಕಡೆಯಿಂದ ಕಟ್ಟಡ ಕೆಲಸದವರೂ ಬಂದಿದ್ದರು, ನಮ್ಮ ಬೀದರ್, ರಾಯಚೂರಿನ ಕಡೆಯವರು, ತಲೆಗೂದಲಲ್ಲಿ ಇನ್ನೂ ಸಿಮೆಂಟಿನ ಧೂಳು. ಸಾಲು ನಿಧಾನಕ್ಕೆ ಸರಿಯಿತು. ಫಾದರ್ ಹೆಬ್ಬೆರಳು ನನ್ನ ಹಣೆಗೆ ತಾಗಿದಾಗ, ಮಣ್ಣಿನ ಮಾತು ಕಿವಿಗೆ ಬೀಳುವ ಮೊದಲೇ ಕಣ್ಣು ಮುಚ್ಚಿಕೊಂಡೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ನೋಡಿದರೆ, ನನಗೆ ಗುರುತೇ ಇಲ್ಲದ ಎಷ್ಟೋ ಜನ ಹಣೆಯ ಮೇಲೆ ಅದೇ ಕಪ್ಪು ಹೊತ್ತುಕೊಂಡು, ಮಾತಾಡುತ್ತ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಗೇಟಿನತ್ತ ಹೋಗುತ್ತಿದ್ದರು. ಕನಸಿನಲ್ಲಿ ನಡೆದಂತಿತ್ತು.

ನಾದಿನಿಯ ಮೂಗಿನ ಮೇಲೆ ಒಂದಿಷ್ಟು ಬೂದಿ ಉದುರಿತ್ತು. ಒರೆಸಲು ಸೆರಗಿನ ತುದಿ ಎತ್ತಿದೆ. ಅವಳು ಮುಖ ಹಿಂದಕ್ಕೆ ತೆಗೆದುಕೊಂಡಳು.

“ಇರ್ಲಿ ಬಿಡ್ರಿ,” ಎಂದಳು.