ಎರಡು ಕಲ್ಲುಗಳ ನಡುವಿನ ಜಾಗ

ಗೋರೆಗಾಂವ್‌ನ ಈ ಬಾಡಿಗೆ ಮನೆಯ ಪಕ್ಕದ ಫ್ಲ್ಯಾಟಿನಲ್ಲಿ ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯುತ್ತಿದ್ದಾರೆ. ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸಯನ್‌ನ ನಮ್ಮ ಹಳೆಯ ಬಿಲ್ಡಿಂಗಿನ ಕೆಳಮನೆಯ ಮಾಮ ನೆನಪಾದರು.

ಮಾಮ ಶಿಲ್ಪಿ, ಉಡುಪಿ ಕಡೆಯವರು. ಆದರೆ ಅವರ ಕೈಯಿಂದ ಒಂದು ಗಣಪತಿಯಾದರೂ ಮೂಡಿದ್ದನ್ನು ನಾನು ಕಾಣೆ. ಮಾಡಿದರೆ ಚೌಕ, ಇಲ್ಲವೇ ಗುಂಡು. ಕಾಂಪೌಂಡಿನಲ್ಲಿ ಸೊಂಟದೆತ್ತರದ ಎರಡು ಕರಿಕಲ್ಲಿನ ಚೌಕಗಳನ್ನು ನಿಲ್ಲಿಸಿ, ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ ಬಿಟ್ಟಿದ್ದರು. ಆ ಜಾಗ ಮನಸ್ಸಿಗೆ ಬರುವವರೆಗೆ ವಾರಗಟ್ಟಲೆ ಕಲ್ಲು ಸರಿಸಿದ್ದರು. ಇದರಲ್ಲಿ ನೋಡುವುದೇನಿದೆ ಎಂದು ನಾನು ತಮಾಷೆ ಮಾಡಿದೆ.

“ಕಲ್ಲು ನೋಡುದಲ್ಲ ಮಾರಾಯ, ನಡುವಿನ ಜಾಗ ನೋಡು. ಬೊಂಬಾಯಿಯಲ್ಲಿ ಸಿಗದ್ದು ಅದೇ ಅಲ್ವಾ?” ಎಂದರು.

ಮುಂದೆ ಅವರು ಕೆಲವು ತಿಂಗಳು ಊರಿಗೆ ಹೋದಾಗ, ನನ್ನ ಅಮ್ಮ ಒಂದು ಕಲ್ಲಿನ ಮೇಲೆ ತುಳಸಿ ಇಟ್ಟರು. ಚೌಕದ ಕರಿಕಲ್ಲು ಕಂಡರೆ ನಮ್ಮ ಕಡೆಯವರಿಗೆ ತುಳಸಿಕಟ್ಟೆಯಲ್ಲದೆ ಇನ್ನೇನು ಕಂಡೀತು? ಇನ್ನೊಂದರ ಮೇಲೆ ದೀಪ ಬಂತು. ನಡುವೆ ಮಲ್ಲಿಗೆಯ ಕುಂಡಗಳು ತುಂಬಿಕೊಂಡವು. ಆ ಜಾಗ ಖಾಲಿ ಇರಬೇಕೆಂದು ನಾನು ಒಂದು ಮಾತು ಹೇಳಬಹುದಿತ್ತು. ಊರು ಬಿಟ್ಟು ಬಂದ ಮೇಲೆ ಅಮ್ಮ ಅಷ್ಟು ಗೆಲುವಾಗಿದ್ದದ್ದು ಅದೇ ಮೊದಲು... ಬಾಯಿ ಬರಲಿಲ್ಲ.

ಮಾಮ ಮರಳಿದ ಮಾರನೆಯ ದಿನವೇ ಫೋರ್ಟ್‌ನ ಒಂದು ಕಲಾ ಗ್ಯಾಲರಿಯವರು ಪ್ರದರ್ಶನಕ್ಕೆಂದು ಆ ಕಲ್ಲುಗಳನ್ನು ನೋಡಲು ಬಂದರು. ಅಂಥದೊಂದು ಕರೆಗಾಗಿ ಮಾಮ ವರ್ಷಗಟ್ಟಲೆ ಕಾದಿದ್ದರು. ಅಮ್ಮ ಆಗಷ್ಟೇ ನೀರೆರೆದು ಕೈಮುಗಿಯುತ್ತಿದ್ದರು.

“ತುಳಸಿ ತೆಗೀಬೇಕಾ ಮಗಾ?” ಎಂದು ಅಮ್ಮ ನನ್ನನ್ನು ಕೇಳಿದರು. ನಾನು ನೆಲ ನೋಡಿದೆ.

ಮಾಮ ಚಪ್ಪಲಿ ಕಳಚಿ ದೂರದಲ್ಲೇ ನಿಂತಿದ್ದರು. “ಬೇಡ ಅಕ್ಕ, ಇರ್ಲಿ,” ಎಂದರು. ಬಂದವರ ಕಡೆ ತಿರುಗಿ, ಇದು ನನ್ನ ಕೆಲಸವಲ್ಲ, ಬಿಲ್ಡಿಂಗಿನವರ ತುಳಸಿಕಟ್ಟೆ ಎಂದು ಹಿಂದಿಯಲ್ಲಿ ಹೇಳಿ ಕಳಿಸಿಬಿಟ್ಟರು. ಆಮೇಲೆ ಅವರು ಉಳಿ ಹಿಡಿದದ್ದನ್ನು ನಾನು ನೋಡಲಿಲ್ಲ. ನನ್ನ ಮೇಲೆ ಮುನಿಸಿಕೊಳ್ಳಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಮಾಮ ಇಲ್ಲ, ಅಮ್ಮನೂ ಇಲ್ಲ. ಕಳೆದ ತಿಂಗಳು ಆ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು, ಕೆಡವಿ ಹೊಸದು ಕಟ್ಟುತ್ತಾರಂತೆ. ತುಳಸಿಯನ್ನು ಕುಂಡದ ಸಮೇತ ಎತ್ತಿ ತಂದೆವು. ಕಲ್ಲುಗಳ ಮುಂದೆ ಲಾರಿ ನಿಲ್ಲಿಸಿ, ಕೂಲಿಯಾಳುಗಳ ಮುಕಾದಮ ಇದು ಯಾರದೆಂದು ಕೇಳಿದ: “ಯೇ ಕಿಸ್ಕಾ ಹೈ ಸಾಬ್?”

ಮಾಮನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಕಲ್ಲುಗಳನ್ನು ನಾನೇ ಒಯ್ಯಬೇಕಿತ್ತು. ಬಾಡಿಗೆ ಮನೆಯಲ್ಲಿ ಜಾಗ ಎಲ್ಲಿ?

ಯಾರದೂ ಅಲ್ಲವೆಂದುಬಿಟ್ಟೆ: “ಕಿಸೀಕಾ ನಹೀ.”