ಗೊಬ್ಬರದೊಳಗಿನ ಗೋವು

ಉರ್ವದ ನಮ್ಮ ಫ್ಲ್ಯಾಟಿನ ತಾರಸಿಯಲ್ಲಿ ಅಡುಗೆಮನೆಯ ಕಸ ಕೊಳೆಸಲೆಂದು ಒಂದು ನೀಲಿ ಡ್ರಮ್ ಇಟ್ಟಿದ್ದೆ. ಯಾರೂ ಪ್ಲಾಸ್ಟಿಕ್ ಎಸೆಯದಿರಲಿ ಎಂದು ಅದರ ಮೇಲೆ ದೊಡ್ಡದಾಗಿ ‘ಗೊಬ್ಬರ’ ಎಂದು ಬರೆದೆ. ವಾರ ಕಳೆಯುವಷ್ಟರಲ್ಲಿ, ಮುಚ್ಚಳದ ಮೇಲಿನ ಕಲ್ಲು ನಾನಿಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಒಂದು ದಿನ ಸಿಪ್ಪೆಗಳ ಮೇಲೆ ಏನೋ ಕಂದು ನೀರು ಸುರಿದ ಗುರುತಿತ್ತು. ಮೂಸಿ ನೋಡಿದೆ, ಆ ಕೊಳೆತ ವಾಸನೆಯಲ್ಲಿ ಏನೂ ಗೊತ್ತಾಗಲಿಲ್ಲ.

ಅನುಮಾನ ನೇರವಾಗಿ ಹೋದದ್ದು ನೆಲಮಹಡಿಯ ನಿವೃತ್ತ ಸಂಸ್ಕೃತ ಮಾಸ್ಟ್ರ ಮೇಲೆ. ಡ್ರಮ್ ತಂದ ದಿನವೇ ಅವರು, “ಹುಳ ಆಗ್ತದೆ, ನೋಡಿ” ಎಂದು ಮೂಗು ಮುಚ್ಚಿದ್ದರು. ವಿಷ ಹಾಕಿ ನನ್ನ ಕೆಲಸ ಕೆಡಿಸುತ್ತಿದ್ದಾರೆ ಎಂದುಕೊಂಡೆ. ಬಟ್ಟೆ ಒಣಹಾಕುವ ನೆಪದಲ್ಲಿ ಮೂರು ದಿನ ಬೆಳಿಗ್ಗೆ ನೀರಿನ ಟ್ಯಾಂಕಿನ ಮರೆಯಲ್ಲಿ ಕಾದೆ. ಮೂರನೆಯ ದಿನ ಸಿಕ್ಕಿಬಿದ್ದರು.

“ಎಂತ ಮಾಸ್ಟ್ರೇ ಅದು?”

ಅವರು ಬೆಚ್ಚಲಿಲ್ಲ. ಕೈಯ ಬಕೆಟ್ ತೋರಿಸಿದರು: ಸೆಗಣಿ ಕದಡಿದ ನೀರು.

“ಹೊರಗೆ ಗೊಬ್ಬರ ಅಂತ ಬರೆದಿದ್ದೀರಿ. ಒಳಗೆ ಬರೀ ಸೌತೆಸಿಪ್ಪೆ. ಗೊಬ್ಬರ ಅಂದರೇ ಸೆಗಣಿ. ಹಿಂದಿಯವರು ಗೋಬರ್ ಅನ್ನುದು ಕೇಳಿಲ್ವಾ? ಎರಡೂ ಪ್ರಾಕೃತದಿಂದ ಬಂದದ್ದು. ಸುರುವಿಗೇ ಗೋವು ಉಂಟು.”

ಸಂಸ್ಕೃತದವರಿಗೆ ಎಲ್ಲದರಲ್ಲೂ ಗೋವೇ ಕಾಣುತ್ತದೆ ಎನ್ನಿಸಿತು. ನನ್ನ ತವರಿನಲ್ಲಿ ಸೊಪ್ಪು, ಬೂದಿ, ಒಣ ಮೀನಿನ ತಲೆ ಎಲ್ಲವೂ ಗೊಬ್ಬರವೇ ಆಗಿತ್ತು. “ಹಾಕಿದರೆ ಗಿಡ ಕೊಬ್ಬುತ್ತದೆ. ಕೊಬ್ಬಿನಿಂದ ಬಂದದ್ದಿರಬೇಕು” ಎಂದು ವಾದಿಸಿ ಇಳಿದುಬಂದೆ. ನಿಘಂಟು ತೆಗೆದರೆ ಅವರು ಹೇಳಿದ್ದೇ ಇತ್ತು. ಮೊದಲು ಸೆಗಣಿ, ಗಿಡಕ್ಕೆ ಹಾಕುವ ಎಲ್ಲ ಸಾರಕ್ಕೂ ಆ ಹೆಸರು ಆಮೇಲೆ ಬಂದದ್ದು.

ಸೋತೆ, ಆದರೂ ನಂಬಿಕೆ ಬರಲಿಲ್ಲ. ಒಂದು ಪದ ಸರಿಮಾಡಲು ಈ ವಯಸ್ಸಿನಲ್ಲಿ ಯಾರಾದರೂ ನಾಲ್ಕು ಮಹಡಿ ಬಕೆಟ್ ಹೊರುತ್ತಾರೆಯೇ?

ಡ್ರಮ್ಮಿನೊಳಗೆ ಎಲ್ಲ ಕಪ್ಪು ಹುಡಿಯಾದ ಮೇಲೆ ಮಾಸ್ಟ್ರು ಡಬ್ಬಿ ಹಿಡಿದು ಬಂದರು. ತುಳಸಿಗೆ ಬೇಕಂತೆ. ಇದಕ್ಕೋ ಇಷ್ಟು ದಿನದ ಸೇವೆ ಎಂದು ನಗು ಬಂತು. ಡಬ್ಬಿ ತುಂಬಿಸಿದವರು ಒಂದು ಹಿಡಿ ಮೂಗಿನ ಹತ್ತಿರ ಹಿಡಿದು ನನ್ನನ್ನು ದಿಟ್ಟಿಸಿದರು.

“ಇದರಲ್ಲಿ ಮೀನು ಗೀನು ಎಂತಾದರೂ ಉಂಟಾ?”

ಇಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. “ಉಂಟು. ಎರಡು ಸಲ ಸಿಗಡಿ ಸಿಪ್ಪೆ ಹಾಕಿದ್ದೇನೆ.”

ಅವರು ತಾರಸಿಯ ಕಟ್ಟೆಯ ಮೇಲೆ ಕುಳಿತರು. ಹಿಡಿಯಲ್ಲಿದ್ದ ಹುಡಿಯನ್ನು ಮೆಲ್ಲಗೆ ಡಬ್ಬಿಗೆ ಉದುರಿಸಿದರು. ಕೊನೆಗೆ ಡಬ್ಬಿ ಎತ್ತಿಕೊಂಡು ಎದ್ದರು.

“ತುಳಸಿಗೆ ಬೇಡ. ನಮ್ಮವಳ ಮಲ್ಲಿಗೆಗೆ ಹಾಕ್ತೇನೆ. ಅವಳಿಗೆ ನೀವು ಹೇಳ್ಬೇಡಿ.”

ಮಲ್ಲಿಗೆ ಈಗ ಮೈತುಂಬ ಹೂ ಬಿಡುತ್ತಿದೆ. ಅವರ ಹೆಂಡತಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಒಂದು ತುಂಡು ಮಾಲೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತಾ, “ಇವರು ನನ್ನಿಂದ ಎಂತದೋ ಮುಚ್ಚಿಡ್ತಾರೆ ಮಾರಾಯ್ತಿ” ಎನ್ನುತ್ತಾರೆ. ನಾನು ಬಸ್ಸಿಗೆ ಹೊತ್ತಾಯಿತೆಂದು ಇಳಿದುಬಿಡುತ್ತೇನೆ.